ರುಕ್ಮಯ್ಯಣ್ಣ ಬಿಗಿ ಮಾಡಿದ ರಾಕೆಟ್

ರುಕ್ಮಯ್ಯಣ್ಣ ಇಪ್ಪತ್ತು ವರ್ಷ ದೇವಸ್ಥಾನಗಳಲ್ಲಿ ಕದಿನ ಸಿಡಿಸಿದವರು. ಕದಿನವೆಂದರೆ ಕಬ್ಬಿಣದ ಸಣ್ಣ ಕುಡಿಕೆ. ಮದ್ದು ಹಾಕಿ, ಮೇಲೆ ಇಟ್ಟಿಗೆ ಹುಡಿ ಜಡಿದು ಬೆಂಕಿ ಕೊಡಬೇಕು. ಹುಡಿ ಬಿಗಿಯಾದಷ್ಟೂ ಶಬ್ದ ದೊಡ್ಡದು. ೧೯೯೮ರಲ್ಲಿ ಒಂದು ಕುಡಿಕೆ ಒಡೆದು ಅವರ ಬಲಗೈಯ ಎರಡು ಬೆರಳು ಹೋದವು, ಕಿವಿ ಮಂದವಾಯಿತು. ಮತ್ತೆ ಯಾರೂ ಕರೆಯಲಿಲ್ಲ. ಮಾಣಿ ಪೇಟೆಯ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದು ಕೂರುತ್ತಿದ್ದರು.

೨೦೦೩ರಲ್ಲಿ ಉಜಿರೆಯ ಕಾಲೇಜೊಂದರ ವಿನೋದಾ ಟೀಚರ್ ಶೆಡ್ಡಿಗೆ ಬಂದರು. ಮೊಣಕೈ ಉದ್ದದ ಕಾಗದದ ರಾಕೆಟ್ ಹಾರಿಸಲು ಸ್ಟ್ಯಾಂಡ್ ಬೇಕಿತ್ತು. ಚಿತ್ರ ಕೊಟ್ಟರು: ಕಬ್ಬಿಣದ ತಗಡು, ನೆಟ್ಟಗಿನ ಸರಳು, ತಗಡಿಗೂ ರಾಕೆಟಿನ ಬುಡಕ್ಕೂ ನಡುವೆ ಮೂರು ಬೆರಳು ಸಂದು.

“ಮದ್ದಿನ ಕೆಲಸ ಅಲ್ವಾ ಉಮ್ಮರ್? ನಾನೂ ಬರ್ತೇನೆ,” ಅಂದರು ರುಕ್ಮಯ್ಯಣ್ಣ.

“ನೀವು ಬಂದ್ರೆ ಕಾಲೇಜೇ ಹಾರೀತು ಮಾರಾಯ್ರೆ,” ಅಂದೆ.

ಟೀಚರ್ ನಗಲಿಲ್ಲ. “ಬನ್ನಿ. ಸರಿಯಾದ್ರೆ ಪ್ರತಿ ವರ್ಷ ನಿಮ್ಮನ್ನೇ ಕರೀತೇವೆ.”

ಆ ಮಾತು ಅವರಿಗೆ ಸಾಕಾಯಿತು. ಹಳೆ ಕೊಡೆಯ ಕೋಲು ತಂದು ಸರಳಿಗೆಂದು ವಾರವಿಡೀ ಉಜ್ಜಿದರು. ಸಂದನ್ನು ಉಳಿದ ಮೂರು ಬೆರಳಿನಿಂದಲೇ ಅಳೆದರು.

ರಾಕೆಟ್ ಹಾರಿಸುವ ದಿನ ಕದಿನಕ್ಕೆ ಹೋಗುವಾಗಿನಂತೆ ಬಿಳಿ ಪಂಚೆ ಉಟ್ಟು ಬಂದರು. ಕಾಲೇಜಿನ ಮೈದಾನದಲ್ಲಿ ಗಾಳಿ, ರಾಕೆಟ್ ಅಲುಗುತ್ತಿತ್ತು. ಟೀಚರ್ ವಯರ್ ಸಿಕ್ಕಿಸಿ ದೂರದ ಬ್ಯಾಟರಿಯ ಹತ್ತಿರ ಹೋದರು. ರುಕ್ಮಯ್ಯಣ್ಣ ಸ್ಟ್ಯಾಂಡಿನ ಎದುರು ಬಗ್ಗಿದ್ದನ್ನು ನೋಡಿದೆ. ಕೈಮುಗಿಯುತ್ತಿದ್ದಾರೆ ಅಂದುಕೊಂಡೆ.

ಅವರು ದೂರ ಬಂದ ಮೇಲೆ ಟೀಚರ್ ಸ್ವಿಚ್ ಒತ್ತಿದರು. ರಾಕೆಟ್ ಏಳಲಿಲ್ಲ. ನಿಂತಲ್ಲೇ ಒಡೆಯಿತು. ಯಾರಿಗೂ ತಾಗಲಿಲ್ಲ. ಸರಳು ಬಾಗಿತ್ತು, ತಗಡಿನ ಸುತ್ತ ಕೆಂಪು ಹುಡಿ ಚೆಲ್ಲಿತ್ತು.

“ಬುಡದ ಸಂದಿನಲ್ಲಿ ಇಟ್ಟಿಗೆ ಹುಡಿ ಯಾರು ತುಂಬಿದ್ದು?” ಟೀಚರ್ ಕೇಳಿದರು.

ರುಕ್ಮಯ್ಯಣ್ಣನಿಗೆ ಕೇಳಿಸಲಿಲ್ಲ. ನಾನು ಕಿವಿಯ ಹತ್ತಿರ ಹೇಳಿದೆ.

“ನಾನೇ ಟೀಚರ್. ಸಡಿಲ ಬಿಟ್ರೆ ಬಲ ಬರುದಿಲ್ಲ ಅಲ್ವಾ?”

“ಬೆಂಕಿ ಕೆಳಗೆ ಹೋದ್ರೆ ಮಾತ್ರ ಇದು ಮೇಲೆ ಹೋಗುವುದು.”

ಟೀಚರ್ ಬೈಯಲಿಲ್ಲ. ಬಸ್ಸಿನಲ್ಲಿ ರುಕ್ಮಯ್ಯಣ್ಣ ಪಂಚೆಯ ಕೆಂಪು ಕಲೆಯನ್ನು ಉಜ್ಜುತ್ತಲೇ ಇದ್ದರು.

ಮರುವರ್ಷ ಟೀಚರ್ ಹೊಸ ಸ್ಟ್ಯಾಂಡ್ ಮಾಡಲು ಹೇಳಿದರು. “ಉಮ್ಮರ್, ನೀವೊಬ್ಬರೇ ಬನ್ನಿ,” ಅಂದರು. ರಾಕೆಟ್ ತೆಂಗಿನ ಮರಕ್ಕಿಂತ ಮೇಲೆ ಹೋಯಿತು. ಹೇಳದಿರುವುದು ಸರಿಯಲ್ಲವೆಂದು ರುಕ್ಮಯ್ಯಣ್ಣನ ಮನೆಗೆ ಹೋಗಿ ಹೇಳಿದೆ.

“ಶಬ್ದ ಬಂತಾ?”

“ಸುಯ್ ಅಂತ. ಅಷ್ಟೆ.”

“ಹಾಗಾದ್ರೆ ನಾನು ಬಂದಿದ್ರೂ ನನಗೆ ಕೇಳ್ತಿರ್ಲಿಲ್ಲ.”

ನೋಡಬಹುದಿತ್ತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.