ಅಂಟಿಹೋದ ಕೊನೆಯ ಪುಟಗಳು

ಕಾದಂಬರಿ ಬಿಡಿಸಿದ ಕೂಡಲೇ ಒಣಮೀನಿನ ವಾಸನೆ ಬಂತು. ಕಾರವಾರದ ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ನನಗೋ ಕೋಡಿಬಾಗದ ನಮ್ಮ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ನಿಮಗೂ ಹೀಗೊಂದು ವಾಸನೆ ಇದ್ದೀತು, ಅದರ ಹಿಂದೆ ಈಗಿಲ್ಲದ ಒಂದು ಮನೆಯೂ.

ಆ ಜಗಲಿಯೇ ಸುಮತಿ ಅತ್ತೆಯ ಲೈಬ್ರರಿ. ಅಪ್ಪನ ಅಕ್ಕ ಅವಳು. ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದರಿಂದ ಊರಿಗೆಲ್ಲ ಅಕ್ಕೋರು. ಕಪಾಟಿಗೆ ಬಾಗಿಲಿತ್ತು, ಬೀಗ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಪುಸ್ತಕಕ್ಕೆ ಬರುವವರನ್ನು ಕಾಯಿಸಬಾರದೆಂದು, ಅವರು ತಿರುವಿನಲ್ಲಿ ಕಾಣಿಸುವಾಗಲೇ ಅವರಿಗೆ ಹಿಡಿಸುವ ಪುಸ್ತಕ ತೆಗೆದು ಬೇಲಿಯ ದಣಪೆಯ ಹತ್ತಿರ ನಿಲ್ಲುತ್ತಿದ್ದಳು. ಯಾರೂ ಒಯ್ಯದ ಪುಸ್ತಕ ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ. ಅದಕ್ಕೆ ತಕ್ಕವರು ಸಿಗುವ ತನಕ ಬಂದವರಿಗೆಲ್ಲ ತೋರಿಸಿ ಪೀಡಿಸುತ್ತಿದ್ದಳು.

ಮೀನು ಮಾರುವ ದೇವಕಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಈ ಕಾದಂಬರಿಯನ್ನು ಮುಕ್ಕಾಲು ಓದಿದ್ದಳು. ಒಂದು ದಿನ ದೋಣಿ ಇಳಿಯುವಾಗ ಪುಸ್ತಕ ಕಾಳಿ ನದಿಗೆ ಬಿತ್ತು. ಎತ್ತಿ ತಂದವಳು, ಒದ್ದೆಯಾದದ್ದು ಕೆಡಬಾರದೆಂದು ತನಗೆ ಗೊತ್ತಿದ್ದ ಉಪಾಯವನ್ನೇ ಮಾಡಿದಳು. ಪುಟಗಳ ನಡುವೆ ಉಪ್ಪು ತುಂಬಿ, ಬಂಗಡೆ ಮೀನಿನ ಪಕ್ಕ ದಂಡೆಯ ಹೊಯ್ಗೆಯ ಮೇಲೆ ಒಣಗಲು ಹಾಕಿದಳು. ಕೊನೆಯ ಪುಟಗಳೆಲ್ಲ ಅಂಟಿ ಹಲಗೆಯಾದವು. ಇನ್ನು ತನಗೆ ಪುಸ್ತಕ ಸಿಕ್ಕೀತೇ ಎಂಬ ಹೆದರಿಕೆಯಲ್ಲಿ ಜಗಲಿ ಹತ್ತದೆ ಅಂಗಳದಲ್ಲೇ ನಿಂತಿದ್ದಳು. ಅತ್ತೆ ಪುಸ್ತಕ ಕೊಡವಿದಳು. ಉಪ್ಪು ಉದುರಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಪುಸ್ತಕ ಇರೂದು ಓದೂಕೆ ಮಾರಾಯ್ತಿ, ಓದೂರ ಕೈಲಿ ಒದ್ದೆ ಆಗ್ತದೆ. ಕೊನೆಗೆ ಏನಾಯ್ತು, ನೀನೇ ಹೇಳು ನೋಡ್ವಾ."

ದೇವಕಿ ಬಹಳ ಹೊತ್ತು ಯೋಚಿಸಿ, ಕಥೆಯ ಹುಡುಗಿ ತವರಿಗೆ ತಿರುಗಿ ಬರುತ್ತಾಳೆ ಎಂದಳು. ಅವಳಿಗೆ ಇನ್ನೊಂದು ಪುಸ್ತಕ ಸಿಕ್ಕಿತು. ಆಮೇಲೆ ಈ ಕಾದಂಬರಿ ಒಯ್ದವರೆಲ್ಲ ಬಂದು ಒಂದೊಂದು ಕೊನೆ ಹೇಳಬೇಕಾಯಿತು. ಒಂದೇ ಪುಸ್ತಕ ಹೀಗೆ ಬೆಳೆಯುತ್ತ ಹೋಗುವುದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅತ್ತೆ ಮಾತ್ರ ನಿಜವಾದ ಕೊನೆಗಾಗಿ ಊರೂರಿನ ಅಂಗಡಿಗಳಲ್ಲಿ ವಿಚಾರಿಸಿದಳು. ಇನ್ನೊಂದು ಪ್ರತಿ ಸಿಗಲಿಲ್ಲ. ದೇವಕಿ ಹೇಳಿದ್ದೇ ಸರಿ ಇರಬೇಕು ಎನ್ನುತ್ತಲೇ ಅತ್ತೆ ತೀರಿಕೊಂಡಳು. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು, ಕಪಾಟಿನ ಪುಸ್ತಕಗಳು ಈ ಗ್ರಂಥಾಲಯ ಸೇರಿದವು.

ಈಗ ಕಾದಂಬರಿಯ ಹೆಸರು ಬರೆದು ಹುಡುಕಿದೆ. ಎಲ್ಲಿಯದೋ ಊರಿನ ಗ್ರಂಥಾಲಯ ಅದೇ ಕಾದಂಬರಿಯನ್ನು ಇಡಿಯಾಗಿ ಇಂಟರ್ನೆಟ್ಟಿಗೆ ಹಾಕಿತ್ತು. ಅತ್ತೆ ವರ್ಷಗಟ್ಟಲೆ ಅರಸಿದ ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಫೋನಿನಲ್ಲಿದ್ದವು. ನಾನೇ ಮೊದಲು ಓದಲು ಮನಸ್ಸಾಗದೆ ಸಂಜೆ ದೇವಕಿಯ ಮನೆಗೆ ಹೋದೆ.

ಅವಳ ಕಣ್ಣು ಮಂಜಾಗಿದೆ. ಅಕ್ಷರಗಳನ್ನು ಬೆರಳಗಲ ದೊಡ್ಡದು ಮಾಡಿ ಕೊಟ್ಟೆ. ಮೊದಲಿನ ಹಾಗೆಯೇ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. ಕಥೆಯ ಹುಡುಗಿ ತವರಿಗೆ ಬರಲೇ ಇಲ್ಲ. ದೇವಕಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಾ ಹೇಳಿದಂಗೆ ಆಗ್ಲಿಲ್ಲ ಅಲ," ಎಂದಳು. "ಇದ ಅಕ್ಕೋರಿಗೆ ಯಾರು ಹೇಳೂದು ಈಗ?"