ಯಾವ ಮೊದಲಿನಿಂದ?

ಎಮ್ಮೆಗೆಂದು ನೆನೆಸಿಟ್ಟ ಹತ್ತಿಕಾಳಿನ ವಾಸನೆ ಎಲ್ಲರಿಗೂ ಸೇರುವುದಿಲ್ಲ. ಹುಳಿ, ಎಣ್ಣೆ, ಹಸಿಮಣ್ಣು ಮೂರೂ ಕೂಡಿದಂಥ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಮಿಶ್ರಿಕೋಟಿಯ ನನ್ನ ಕೊಟ್ಟಿಗೆಯಲ್ಲಿ ನಿಂತವಳು ದುಮ್ಮವಾಡದ ತವರುಮನೆಗೆ ಹೋಗಿಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಕರೆದುಕೊಂಡು ಹೋಗುವ ಮನೆ ಮಾತ್ರ ನೆಲದ ಮೇಲೆ ಇರಲಿಕ್ಕಿಲ್ಲ. ನಮ್ಮದು ಒಂದೇ ಸೂರಿನ ಮನೆ. ತಗ್ಗಿನಲ್ಲಿ ಎಮ್ಮೆಗಳು, ಕಟ್ಟೆಯ ಮೇಲೆ ನಾವು. ಅವು ಮೆಲುಕು ಹಾಕುವ ಸದ್ದಿನಲ್ಲೇ ನಮಗೆ ನಿದ್ದೆ, ಅವುಗಳ ಉಸಿರಿನ ಕಾವಿನಲ್ಲೇ ಚಳಿಗಾಲ ಕಳೆಯುತ್ತಿತ್ತು. ಇಷ್ಟಕ್ಕೆಲ್ಲ ಯಜಮಾನಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಆಯಿ ಎಮ್ಮೆ ಕೊಳ್ಳುವುದನ್ನು ನೋಡಬೇಕಿತ್ತು. ಮಾರುವವರು ಕೆಚ್ಚಲು ತೋರಿಸಿದರೆ ಅವಳು ಹಿಂಗಾಲು ನೋಡುತ್ತಿದ್ದಳು. ಒದೆಯುವ ಎಮ್ಮೆಗೆ ಹಿಂಡುವಾಗ ಕಾಲಿಗೆ ಹಗ್ಗ ಬಿಗಿದಿರುತ್ತಾರೆ, ಅಲ್ಲಿ ಕೂದಲು ಸವೆದಿರುತ್ತದೆ. ಎಷ್ಟನೆಯ ಸೂಲು, ಯಾರ ಮನೆಯಲ್ಲಿ ಹುಟ್ಟಿದ್ದು, ಹಿಂದಿನ ಕರು ಬದುಕಿತೋ ಸತ್ತಿತೋ, ಎಲ್ಲ ಕೇಳುತ್ತಿದ್ದಳು. "ಮುಂದ ಎಷ್ಟ ಹಾಲ ಕೊಡತೈತಿ ಅನ್ನೂದನ್ನ ಯಾಂವಾರ ಹೇಳ್ತಾನ. ಹಿಂದ ಏನ್ ಮಾಡೇತಿ ಅದನ್ನ ಹೇಳೋ ತಮ್ಮಾ" ಎನ್ನುತ್ತಿದ್ದಳು. ಮದುವೆಯಾದ ಮೇಲೆ ಒಂದೇ ಎಮ್ಮೆ ಕಟ್ಟಿಕೊಂಡು ಹಾಲಿನ ವ್ಯಾಪಾರಕ್ಕೆ ಇಳಿದಾಗ ನನ್ನ ಕೈಯಲ್ಲಿದ್ದ ಬಂಡವಾಳವೆಂದರೆ ಈ ಪ್ರಶ್ನೆಗಳೇ. ಈಗ ಸುತ್ತಿನ ಹಳ್ಳಿಯವರು ಎಮ್ಮೆ ಕೊಳ್ಳಲು ಹೊರಟರೆ ಮೊದಲು ನನ್ನ ಮನೆಗೆ ಬೈಕು ಕಳಿಸುತ್ತಾರೆ. ನೀವೂ ಕಲಿತುಕೊಳ್ಳಿ. ಹಿಂದಿನದನ್ನು ವಿಚಾರಿಸದೆ ಕೆಚ್ಚಲಿಗೆ ಕೈ ಹಾಕಿದ ಎಷ್ಟೋ ಜನ ಒದೆ ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಳೆದ ವಾರ ತಮ್ಮ ಬಸವರಾಜ ಹುಬ್ಬಳ್ಳಿಯಿಂದ ಮಗಳು ರೇಖಾಳನ್ನು ಕರೆದುಕೊಂಡು ಬಂದ. ಅವನು ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ. ರೇಖಾ ಧಾರವಾಡದಲ್ಲಿ ಇತಿಹಾಸ ಓದುತ್ತೇನೆಂದು ಹಟ ಹಿಡಿದಿದ್ದಳು, ಅವನಿಗೋ ಅವಳು ಕಾಮರ್ಸ್ ಓದಬೇಕೆಂಬ ಆಸೆ. ನಾನು ಅವನ ಪರ ನಿಲ್ಲುತ್ತೇನೆಂಬ ಭರವಸೆ ಅವನಿಗೆ. "ವ್ಯಾಪಾರಸ್ಥಳು ನೀ, ನೀನs ಹೇಳಕ್ಕಾ. ಸತ್ತ ರಾಜರ ಹೆಸರು ಬಾಯಿಪಾಠ ಮಾಡಿದ್ರ ಇಕಿಗೆ ಯಾರ್ ಕೆಲಸಾ ಕೊಡ್ತಾರು?" ಎಂದ. ಹತ್ತಿಕಾಳಿನ ಬಕೆಟ್ಟು ಕೆಳಗಿಟ್ಟು ನಾನು ಕೇಳಿದೆ: "ಕೆರಿ ದಾರಿ ಜಗಳಾ ನೆನಪೈತೇನಲೇ ಬಸ್ಯಾ?" ಅವನಿಗೆ ನೆನಪಿರಲಿಲ್ಲ, ಆಗ ಅವನು ತೊಟ್ಟಿಲ ಕೂಸು. ಅಲ್ಲೇ ಕೂರಿಸಿ ಹೇಳಿದೆ.

ನಮ್ಮ ಓಣಿಯ ಎಮ್ಮೆಗಳು ಕೆರೆಗೆ ಇಳಿಯುತ್ತಿದ್ದುದು ಗೌಡರ ಹೊಲದ ಬದಿಯ ದಾರಿಯಿಂದ. ಒಂದು ಬೇಸಿಗೆಯ ಬೆಳಿಗ್ಗೆ ಹೋಗಿ ನೋಡಿದರೆ ದಾರಿಯ ಬಾಯಿಗೆ ಜಾಲಿಮುಳ್ಳು ಜಡಿದಿತ್ತು. ಎಮ್ಮೆಗಳು ನೀರು ಕಾಣುತ್ತ ನಿಂತು ಕೂಗುತ್ತಿದ್ದವು. ಬೇರೆ ದಾರಿ ಹಿಡಿದರೆ ಊರೆಲ್ಲ ಸುತ್ತಬೇಕು, ಆ ಬಿಸಿಲಿಗೆ ಎಮ್ಮೆ ತಡೆಯುವುದಿಲ್ಲ; ಎಮ್ಮೆ ಹೋದರೆ ನಮ್ಮ ಓಣಿಯ ಒಲೆ ಆರಿದಂತೆ. ಗಂಡಸರು ಗೌಡರ ಮನೆಯ ಮುಂದೆ ಹೋಗಿ ಕೈಮುಗಿದು ಬೇಡಿಕೊಂಡರು. ಗೌಡರು, "ಇಲ್ಲಿ ಮದಲಿಂದನೂ ದಾರೀನ ಇಲ್ಲ" ಎಂದುಬಿಟ್ಟರು. ನಮ್ಮವರು ತಲೆ ತಗ್ಗಿಸಿದರು. ನನ್ನ ಕೈ ಹಿಡಿದು ನಿಂತಿದ್ದ ಆಯಿ ಸೆರಗು ಬಿಗಿದಳು.

"ಯಾವ ಮದಲಿಂದ್ರೀ ಗೌಡ್ರ? ನಿಮ್ಮಪ್ಪನ ಮದಲಿಂದೋ, ನಿಮ್ಮಜ್ಜನ ಮದಲಿಂದೋ? ನಿಮ್ಮವ್ವ ಮದುವಿಯಾಗಿ ಬಂದಾಗ ಗಂಗಿಪೂಜಿಗೆ ಯಾವ ದಾರೀಲೆ ಇಳದ್ರು, ಅವರನ್ನs ಕೇಳೂಣು, ಕರೀರಿ."

ಕರೆಯುವ ಮೊದಲೇ ಮುದುಕಿ ಬಾಗಿಲಿಗೆ ಬಂದಿದ್ದರು. ಮಗನ ಮುಖ ನೋಡಿದರು, ಆಯಿಯ ಮುಖ ನೋಡಿದರು, ಆಮೇಲೆ ಹಲ್ಲಿಲ್ಲದ ಬಾಯಲ್ಲಿ ನಕ್ಕುಬಿಟ್ಟರು. "ಇದs ದಾರಿ ಅಲ್ಲೇನ. ಇಕಿ ಎಮ್ಮಿ ಎದುರ ಬಂದದ್ದಕ್ಕ ಹೆದರಿ ತಾಮ್ರದ ಕೊಡ ಕೆಡವಿದ್ನೆಪಾ. ನಗ್ಗಿದ್ದು ಇನ್ನೂ ಹಂಗs ಐತಿ. ಇಕಿ ನಿಂತು ನಕ್ಕಿದ್ದೂ ನನಗ ನೆನಪೈತಿ!" "ನಗಲಾರ್ದ ಏನ್ ಮಾಡ್ಲೆವ್ವಾ, ನನ್ನ ಎಮ್ಮಿ ನಿನಗಿಂತಾ ಹೆದರಿತ್ತು" ಎಂದಳು ಆಯಿ. ಸಂಜೆಯೊಳಗೆ ಮುಳ್ಳು ಎದ್ದಿತು. ಅಂದಿನಿಂದ ಆಯಿ ಮನೆಯ ಮಕ್ಕಳನ್ನೆಲ್ಲ ಎಮ್ಮೆಗಳ ಹಿಂದೆ ಆ ದಾರಿಗೆ ಕಳಿಸುತ್ತಿದ್ದಳು, ಕಾಲಿಗಾದರೂ ನೆನಪಿರಲಿ ಎಂದು.

ಆ ಮನೆ ಈಗ ಇಲ್ಲ. ಪಾಲಾಗಿ, ಗೋಡೆ ಬಿದ್ದು, ಜಾಗ ಕೈ ಬದಲಾಯಿತು. ಕೆರೆಯ ದಾರಿಗೆ ಕಾಂಕ್ರೀಟು ಬಂದಿದೆ. ಹೋದ ವರ್ಷ ಅಲ್ಲಿ ಆಡುತ್ತಿದ್ದ ನಮ್ಮ ಓಣಿಯ ಹುಡುಗರನ್ನು ಮಾತಾಡಿಸಿದರೆ, "ಈ ರಸ್ತಾ ಮದಲಿಂದನೂ ಐತ್ರೀ" ಎಂದವು. ಗೌಡರ ಮಾತಿಗಿಂತ ಈ ಮಾತು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹೇಗೆ ದಕ್ಕಿತೆಂದು ಗೊತ್ತಿಲ್ಲದ್ದನ್ನು ಉಳಿಸಿಕೊಳ್ಳುವುದೂ ಗೊತ್ತಿರುವುದಿಲ್ಲ. ಯಾರಾದರೂ ಎದುರು ಬಂದು ಇದು ಮೊದಲಿನಿಂದ ಹೀಗೇ ಎಂದರೆ ನೀವು ತಲೆ ತಗ್ಗಿಸಬೇಡಿ. ಯಾವ ಮೊದಲಿನಿಂದ ಎಂದು ಕೇಳಿ. ಕೇಳಲು ನಿಮಗೆ ಗೊತ್ತಿರಬೇಕು, ಗೊತ್ತಾಗಲು ಓದಬೇಕು. ಆ ಓದಿನಿಂದ ಕೆಲಸ ಸಿಗುತ್ತದೋ ಇಲ್ಲವೋ, ಸುಳ್ಳಿನ ಮುಂದೆ ನಿಲ್ಲಲು ಕಾಲಂತೂ ಸಿಗುತ್ತದೆ.

ನಾನು ಹೇಳಿ ಮುಗಿಸಿದೆ. ರೇಖಾ ಕೇಳಿದಳು: "ಅತ್ತಿ, ಆಯಿಗೆ ತವರಮನ್ಯಾಗ ಏನಂತ ಕರೀತಿದ್ರು?"

ನಮ್ಮ ಮನೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಿದ್ದರು. ಆಯಿಗೆ ಗಂಗವ್ವ ಎಂದು ಇಟ್ಟರಂತೆ. ಅದಕ್ಕೂ ಹಿಂದಿನ ಹೆಸರು ನನಗೆ ತಿಳಿಯದು.

"ಮದಲಿಂದನೂ ಗಂಗವ್ವನs ಅಲ್ಲೇನ..." ಎಂದ ಬಸವರಾಜ, ಅಂದವನೇ ನಾಲಿಗೆ ಕಚ್ಚಿಕೊಂಡ. ಆಮೇಲೆ ಅವನೇ ಮಗಳಿಗೆ ಹೇಳಿದ: "ಅದನ್ನs ಓದವ್ವಾ. ಸೋಮವಾರ ಧಾರವಾಡಕ್ಕ ಹೋಗೂಣು."

ಆಯಿಯ ತವರು ದೇವಿಕೊಪ್ಪ ಎಂಬುದಷ್ಟೇ ಗೊತ್ತು. ಅವಳ ಓರಗೆಯವರು ಅಲ್ಲಿ ಯಾರೂ ಉಳಿದಿಲ್ಲವಂತೆ. ಇರಲಿ, ನಾನೂ ರೇಖಾ ಮನೆಮನೆಗೆ ಹೋಗಿ ಕೇಳುತ್ತೇವೆ. ಆ ಊರಿನ ಯಾವುದೋ ಅಂಗಳದಲ್ಲಿ ಯಾರೋ ಒಂದು ಹೆಸರು ಹಿಡಿದು ಕೂಗುತ್ತಿದ್ದರು, ಒಬ್ಬ ಸಣ್ಣ ಹುಡುಗಿ ಓಗೊಟ್ಟು ಓಡಿ ಬರುತ್ತಿದ್ದಳು. ಆ ಹೆಸರು ಹಿಡಿದು ಅವಳನ್ನು ಯಾರಾದರೂ ಕೂಗಿ ಎಷ್ಟು ಕಾಲವಾಯಿತೋ.