ರವಿಕೆ ಬಟ್ಟೆಯೊಳಗಿನ ಮಾತ್ರೆ

ವಕೀಲರನ್ನು ಆರಿಸುವುದು ಹೆಂಗಸರ ಕೆಲಸವಲ್ಲ, ಗಂಡಸರಿಗೆ ಬಿಡಿ ಎಂದು ದೋಹಾದ ನಮ್ಮವರೇ ಒಬ್ಬರು ಬುದ್ಧಿ ಹೇಳಿದರು. ನನಗೆ ಉರಿದುಹೋಯಿತು. ಇಪ್ಪತ್ತು ವರ್ಷ ಆಫೀಸಿನಲ್ಲಿ ಟೆಂಡರ್ ಕಾಗದ ಓದಿದವಳು ನಾನು. ಯಾರು ಕಾಗದ ಓದಿದ್ದಾರೆ, ಯಾರದ್ದು ಬರೀ ಬಡಾಯಿ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಶಿಕ್ಷೆಯಾಗಿದ್ದದ್ದು ಇಲ್ಲಿನ ನಜ್ಮಾ ಬಡಾವಣೆಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ, ಮಂಗಳೂರು ಕಡೆಯ ದರ್ಜಿಗೆ. ರಜೆ ಮುಗಿಸಿ ಊರಿಂದ ಬರುತ್ತಿದ್ದ ಅವನ ಕೈಯಲ್ಲಿ ಮೈಸೂರಿನ ನನ್ನ ತಂಗಿ ನನ್ನ ಬೆನ್ನುನೋವಿನ ಮಾತ್ರೆ ಕಳಿಸಿದ್ದಳು. ತೂಕ ಉಳಿಯಲಿ ಎಂದು ಡಬ್ಬಿ, ವೈದ್ಯರ ಚೀಟಿ ಎಲ್ಲ ತೆಗೆದು, ಮಾತ್ರೆಗಳನ್ನಷ್ಟೇ ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿದ್ದಳು. ಆ ಮಾತ್ರೆಯನ್ನು ಚೀಟಿಯಿಲ್ಲದೆ ಇಲ್ಲಿಗೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಹಿಡಿದು ಕೇಳಿದಾಗ, ಬೇರೆಯವರ ಸಾಮಾನು ಹೊತ್ತು ತರುವವರೆಲ್ಲ ಹೇಳುವ ಹಾಗೆ, ಎಲ್ಲ ನನ್ನದೇ ಎಂದ. ಆಮೇಲೂ ಮಾತು ಬದಲಿಸಲಿಲ್ಲ. ಒಂದು ವರ್ಷ ಜೈಲು, ಆಮೇಲೆ ಗಡೀಪಾರು.

ಕೋರ್ಟಿನಲ್ಲಿ ನನ್ನ ಹೆಸರು ಎಲ್ಲೂ ಬರಲಿಲ್ಲ, ನಾನೂ ಹೇಳಲಿಲ್ಲ. ವಿಷಯ ತಿಳಿದಿದ್ದ ಅವನ ಆಗಿನ ವಕೀಲರು ನನ್ನನ್ನು ಇದಕ್ಕೆ ಎಳೆಯುವುದು ಬೇಡ ಎಂದಾಗ ನನಗೆ ಹಾಯೆನಿಸಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಮೇಲ್ಮನವಿಗೆ ಕೆಲವೇ ದಿನಗಳ ಗಡುವು. ದರ್ಜಿಯ ತಮ್ಮನನ್ನು ಕರೆದುಕೊಂಡು ಹೊರಟೆ. ಮೊದಲ ವಕೀಲರು ಫೈಲು ಬಿಚ್ಚದೆಯೇ ಖಲಾಸ್, ಮುಗಿಯಿತೆಂದೇ ತಿಳಿಯಿರಿ, ಬಿಡಿಸಿ ತರುತ್ತೇನೆ ಎಂದರು. ಎರಡನೆಯವರಿಗೆ ನ್ಯಾಯಾಧೀಶರೆಲ್ಲ ಗೊತ್ತಂತೆ. ತಮ್ಮನಿಗೆ ಇವರೇ ಸರಿ ಅನಿಸಿತು. ಯಲ್ಲಾ, ನಡಿ ಎಂದು ಅವನನ್ನು ಎಬ್ಬಿಸಿಕೊಂಡು ಬಂದೆ.

ಮೂರನೆಯವರು ವಯಸ್ಸಾದ ಕತಾರಿ ವಕೀಲರು. ಯಾವ ಭರವಸೆಯನ್ನೂ ಕೊಡಲಿಲ್ಲ. ಫೈಲು ಎರಡು ದಿನ ಇಟ್ಟುಕೊಂಡು ಕರೆಸಿದರು. ಜಪ್ತಿಯ ಫೋಟೊ ಮುಂದಿಟ್ಟು, ದರ್ಜಿಯ ಚೀಲದಲ್ಲಿ ಬಟ್ಟೆ ಕಂಡರೆ ಯಾರಿಗೂ ಏನೂ ಅನಿಸುವುದಿಲ್ಲ, ಆದರೆ ಇಡೀ ಚೀಲದಲ್ಲಿ ಹೆಂಗಸರ ಬಟ್ಟೆ ಇದೊಂದೇ, ಇದು ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೆಳಗಿನ ಕೋರ್ಟಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ನನ್ನದು ಎಂದೆ. ಹಾಗಾದರೆ ಚೀಟಿ ತರಿಸಿ, ನೀವೇ ಬಂದು ಹೇಳಬೇಕು, ನಿಮ್ಮ ಮೇಲೂ ಕೇಸು ಬೀಳಬಹುದು, ಒಪ್ಪಿಗೆಯಿಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದರು. ಕೆಲಸ, ವೀಸಾ, ಅಲ್ ರಯ್ಯಾನ್‌ನ ಮನೆ, ಮಗಳ ಶಾಲೆ ಎಲ್ಲ ಕಣ್ಣ ಮುಂದೆ ಬಂದವು. ಆದರೆ ಇಷ್ಟು ಸರಿಯಾಗಿ ಓದಿದ ಮನುಷ್ಯನನ್ನು ಬಿಟ್ಟು ಇನ್ನೆಲ್ಲಿಗೆ ಹೋಗಲಿ? ಇವರೇ ನಮ್ಮ ವಕೀಲರು ಎಂದು ತಮ್ಮನಿಗೆ ಹೇಳಿದೆ.

ಕೋರ್ಟಿನಲ್ಲಿ ದರ್ಜಿ ನನ್ನನ್ನು ಕಂಡದ್ದೇ ಬೇಡ ಬೇಡ ಎಂದು ತಲೆಯಾಡಿಸಿದ. ನಾನು ಆ ಕಡೆ ನೋಡಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ನ್ಯಾಯಾಧೀಶರು ದುಭಾಷಿಯ ಮೂಲಕ ಕೇಳಿದರು.

"ಹೆದರಿದ್ದೆ. ಮಾತ್ರೆ ನನ್ನದು," ಎಂದೆ.

ತಂಗಿ ಕಳಿಸಿದ್ದ ಚೀಟಿಯನ್ನು ವಕೀಲರು ಮುಂದಿಟ್ಟರು. ಶಿಕ್ಷೆ ರದ್ದಾಯಿತು. ಪೊಲೀಸರು ನನ್ನನ್ನು ಎರಡು ಸಲ ವಿಚಾರಣೆಗೆ ಕರೆಸಿ, ಚೀಟಿ ನೋಡಿ ಬಿಟ್ಟರು. ಬಿಡುಗಡೆಯಾದ ದಿನ ದರ್ಜಿ ನನ್ನ ಮೇಲೆ ಸಿಟ್ಟಿನಲ್ಲಿದ್ದ.

"ಎಂತಕ್ಕೆ ಅಕ್ಕ ನೀವು ಬಂದದ್ದು? ನಿಮ್ಮ ಹೆಸರು ಹೇಳ್ಲಿಕ್ಕಿದ್ರೆ ನಾನು ಅವತ್ತೇ ಹೇಳ್ತಿದ್ದೆ ಅಲ್ವಾ? ನಿಮ್ಗೆ ಮಗಳ ಶಾಲೆ ಉಂಟು ಇಲ್ಲಿ."

"ನಿಂಗೂ ಇಬ್ರು ಮಕ್ಕಳಿದಾರಲ್ಲೋ. ಅವರು ಬೀದಿಪಾಲಾಗ್ಬೇಕಿತ್ತಾ, ನನ್ನ ಬೆನ್ನುನೋವಿಗೆ?"

ಅವನು ಅತ್ತುಬಿಟ್ಟ. ನಾನೂ ಅತ್ತೆ, ಆದರೆ ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.